ಖಾಲಿ ಪೆಟ್ಟಿಗೆ ನೋಡಲು ಸರದಿ

ಗುರುವಾರ, ಅಕ್ಕನ ಮನೆ

ಜಪಾನಿನಲ್ಲಿ ತಾನಾಗಿಯೇ ಬಂದು ನನಗೆ ಪರಿಚಯ ಹೇಳಿಕೊಂಡ ಮೊದಲ ಮನುಷ್ಯ ಒಬ್ಬ ಗವರ್ನರ್ ಅಭ್ಯರ್ಥಿ. ಬೆಳಿಗ್ಗೆ ಎಂಟು ಗಂಟೆ, ಶೂನ್ಯ ನಿಮಿಷ. ನಾನು ಹಾಸಿಗೆಯಲ್ಲಿದ್ದೆ. ಆತ ಬೀದಿಯಲ್ಲಿ, ಬಿಳಿ ವ್ಯಾನಿನ ನೆತ್ತಿಯ ಮೇಲಿದ್ದ ನಾಲ್ಕು ಧ್ವನಿವರ್ಧಕಗಳ ಕೆಳಗಿದ್ದ. ಹಿಂದಿನ ಸಂಜೆ ವಿಮಾನ ಇಳಿದು ಮೂರು ರೈಲು ಬದಲಿಸಿ ಅಕ್ಕನ ಊರಾದ ವಾಕೋ ತಲುಪುವವರೆಗೆ ಈ ದೇಶದಲ್ಲಿ ಯಾರೂ ಕೆಮ್ಮಿದ್ದನ್ನೂ ನಾನು ಕೇಳಿರಲಿಲ್ಲ. ರೈಲಿನಲ್ಲಿ ನನ್ನ ಚಿಪ್ಸ್ ಪೊಟ್ಟಣದ ಸದ್ದಿಗೆ ಮೂರು ಜನ ತಿರುಗಿ ನೋಡಿದ್ದರು. ಅಂಥ ಊರಿನಲ್ಲಿ ಈ ಮನುಷ್ಯನಿಗೆ ಮಾತ್ರ ಇಷ್ಟು ಕೂಗಲು ಯಾರು ಬಿಟ್ಟರು?

"ಕಾನೂನೇ ಬಿಟ್ಟಿದೆ ಕಣೇ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಏಳು ಐವತ್ತೊಂಬತ್ತಕ್ಕೆ ಒಂದು ಸಲ ಮೈಕ್ ಟೆಸ್ಟ್ ಕೂಡ ಮಾಡಲ್ಲ," ಎಂದಳು ಅಕ್ಕ.

ನಾನು ದಿನಚರಿ ತೆಗೆದೆ. ಮೈಸೂರಿನ ಕಾಲೇಜೊಂದರಲ್ಲಿ ಹುಡುಗರಿಗೆ ಸಂಖ್ಯಾಶಾಸ್ತ್ರ ಕಲಿಸುವ ನನಗೆ ಎಣಿಸದಿದ್ದರೆ ಏನನ್ನೂ ನೋಡಿದ ಹಾಗೆ ಆಗುವುದಿಲ್ಲ. ವ್ಯಾನು ನಮ್ಮ ಬಡಾವಣೆ ಸುತ್ತಿದ ಇಪ್ಪತ್ತು ನಿಮಿಷಗಳ ಲೆಕ್ಕ ಹೀಗಿದೆ: ಅಭ್ಯರ್ಥಿಯ ಹೆಸರು ಅರವತ್ತನಾಲ್ಕು ಸಲ. "ದಯವಿಟ್ಟು" ನಲವತ್ತೊಂದು ಸಲ. "ಧನ್ಯವಾದ" ಹದಿನೇಳು ಸಲ. ಗೆದ್ದರೆ ಏನು ಮಾಡುತ್ತಾನೆ ಎಂಬುದು ಒಂದೂ ಸಲ ಇಲ್ಲ. ಈ ಕೊನೆಯ ಸೊನ್ನೆಯನ್ನು ಅಕ್ಕನಿಂದ ಎರಡು ಬಾರಿ ಖಚಿತಪಡಿಸಿಕೊಂಡೆ.

ವ್ಯಾನಿನ ಕಿಟಕಿಗಳಿಂದ ಬಿಳಿ ಕೈಗವಸು ತೊಟ್ಟ ಹೆಂಗಸರು ಕೈ ಬೀಸುತ್ತಿದ್ದರು. ನಾನೂ ಬಾಲ್ಕನಿಯಿಂದ ಕೈ ಬೀಸಿದೆ. ತಕ್ಷಣ ಧ್ವನಿವರ್ಧಕದಲ್ಲಿ ಏನೋ ಹೊಸ ಮಾತು ಬಂತು.

"ನಿಂಗೇ ಹೇಳ್ತಿದಾರೆ. ಎರಡನೇ ಮಹಡಿಯ ಬಾಲ್ಕನಿಯಿಂದ ಬೆಂಬಲ ಕೊಟ್ಟವರಿಗೆ ಹೃತ್ಪೂರ್ವಕ ಧನ್ಯವಾದ ಅಂತೆ. ಒಳಗೆ ಬಾ ಸಾಕು. ವೋಟೇ ಇಲ್ಲ, ಬೆಂಬಲ ಕೊಡ್ತಾಳೆ."

ವೋಟು ಇರುವುದು ಅಕ್ಕನಿಗೆ. ನನ್ನ ಅಕ್ಕ ಶಾಲಿನಿ ಇಲ್ಲಿನ ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ಪ್ರೋಟೀನುಗಳ ಮೇಲೆ ಕೆಲಸ ಮಾಡುತ್ತಾಳೆ. ಹದಿನಾಲ್ಕು ವರ್ಷ ಇಲ್ಲಿದ್ದು, ಹೋದ ವರ್ಷ ಜಪಾನಿನ ಪೌರಳಾದಳು. ಈ ದೇಶ ಎರಡು ದೋಣಿಯಲ್ಲಿ ಕಾಲಿಡಲು ಬಿಡುವುದಿಲ್ಲವಾದ್ದರಿಂದ ಭಾರತದ ಪಾಸ್‌ಪೋರ್ಟನ್ನು ತಿರುಗಿಸಿ ಕೊಟ್ಟಳು. ಭಾವ ಕೊಡಲಿಲ್ಲ. ಅವರು ನಗೋಯಾದಲ್ಲಿ ಕಾರು ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಾರೆ, ಎರಡು ವಾರಕ್ಕೊಮ್ಮೆ ಬರುತ್ತಾರೆ. ಈ ಸಲ ಬರಲಾಗದೆ ಫೋನಿನಲ್ಲಿಯೇ ನನಗೆ ಸ್ವಾಗತ ಕೋರಿದರು: "ನಮ್ ಮನೇಲಿ ಬೆಡ್‌ರೂಮ್ ಜಪಾನು, ಅಡುಗೆಮನೆ ಇಂಡಿಯಾ. ನೀನು ಎಲ್ಲಿ ಮಲಗ್ತೀಯೋ ನೋಡ್ಕೊ."

ಶುಕ್ರವಾರ, ಸ್ಟೇಷನ್ ಮುಂದೆ

ಇದು ಪ್ರಾಂತ್ಯದ ಗವರ್ನರ್ ಹುದ್ದೆಯ ಚುನಾವಣೆ. ನಮ್ಮಲ್ಲಿ ಗವರ್ನರ್ ಎಂದರೆ ದೆಹಲಿಯವರು ಕಳಿಸಿಕೊಡುವ ಹಿರಿಯರು. ಅವರಿಗೆ ದೊಡ್ಡ ತೋಟವಿರುವ ಮನೆ, ನಮಗೆ ಅವರ ಹೆಸರು ನೆನಪಿಟ್ಟುಕೊಳ್ಳುವ ಕೆಲಸ. ಇಲ್ಲಿ ಅಮೆರಿಕದ ರಾಜ್ಯಗಳ ಹಾಗೆ ಜನರೇ ನೇರವಾಗಿ ಆರಿಸುತ್ತಾರೆ. ಅಧಿಕಾರವೂ ನಮ್ಮ ಮುಖ್ಯಮಂತ್ರಿಯಷ್ಟೇ ಇರುತ್ತದಂತೆ. ಇಷ್ಟು ಕೇಳಿದ ಮೇಲೆ ನಾನು ಕಟೌಟು, ಪಟಾಕಿ, ಬೈಕ್ ರ‍್ಯಾಲಿ, ಕನಿಷ್ಠ ಸೇಬಿನ ಹಾರ ಹೊತ್ತ ಒಂದು ಕ್ರೇನನ್ನಾದರೂ ಹುಡುಕಿಕೊಂಡು ಹೊರಟೆ.

ಸಿಕ್ಕಿದ್ದು ಒಂದು ಹಲಗೆ. ಪಾರ್ಕಿನ ಬೇಲಿಗೆ ಕಟ್ಟಿದ ಪ್ಲೈವುಡ್ ಹಲಗೆ, ಅದರ ಮೇಲೆ ಗೆರೆ ಹಾಕಿ ನಂಬರು ಕೊಟ್ಟ ಹನ್ನೆರಡು ಚೌಕ. ಅಭ್ಯರ್ಥಿಗಳು ಐದು ಜನ. ಐದು ಚೌಕಗಳಲ್ಲಿ ಒಂದೇ ಅಳತೆಯ ಐದು ಮುಖಗಳು ನಗುತ್ತಿದ್ದವು. ಉಳಿದ ಏಳು ಖಾಲಿ. ಊರಲ್ಲಿ ಬೇರೆಲ್ಲೂ, ಒಂದು ಕಂಬದ ಮೇಲೂ, ಒಂದು ಶೌಚಾಲಯದ ಗೋಡೆಯ ಮೇಲೂ ಅವರ ಭಿತ್ತಿಚಿತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮೂರಲ್ಲಿ ಖಾಲಿ ಏಳು ಚೌಕವನ್ನು ಹೀಗೆ ಬಿಟ್ಟಿದ್ದರೆ ಮಧ್ಯಾಹ್ನದೊಳಗೆ ಅಲ್ಲಿ ಒಬ್ಬ ಯುವ ಮುಖಂಡನ ಹುಟ್ಟುಹಬ್ಬ, ಒಂದು ಪೈಲ್ಸ್ ಚಿಕಿತ್ಸಾಲಯ ಮತ್ತು ಒಬ್ಬರ ವೈಕುಂಠ ಸಮಾರಾಧನೆ ಬಂದಿರುತ್ತಿತ್ತು.

ಸಂಜೆ ಕೆಲಸ ಮುಗಿಸಿ ಬಂದ ಅಕ್ಕನನ್ನು ಹಲಗೆಯ ಮುಂದೆ ನಿಲ್ಲಿಸಿ ಘೋಷಣೆಗಳನ್ನು ಅನುವಾದ ಮಾಡಿಸಿದೆ.

"ಒಂದನೇ ನಂಬರು ಈಗಿರೋ ಗವರ್ನರು. 'ನಿಮ್ಮೊಂದಿಗೆ, ಮುಂದಕ್ಕೆ.'"

"ಎರಡನೇದು?"

"'ಮುಂದಕ್ಕೆ, ನಿಮ್ಮೊಂದಿಗೆ.'"

"ತಮಾಷೆ ಮಾಡ್ಬೇಡ."

"ಆಣೆಗೂ ಕಣೇ. ಮೂರನೇದು 'ನಗುವಿನ ನಾಳೆ'. ನಾಲ್ಕನೇದು 'ನಾಳೆಗೊಂದು ನಗು'. ಐದನೆಯವರಿಗೆ ಘೋಷಣೆ ಇಲ್ಲ, ಬರೀ ನಾಯಿ ಎತ್ಕೊಂಡಿದಾರೆ. ನಾಯಿ ಚೆನ್ನಾಗಿದೆ."

ಸ್ಟೇಷನ್ನಿನ ಮುಂದೆ ಮೂರನೇ ನಂಬರಿನವರು ಸ್ವತಃ ನಿಂತಿದ್ದರು. ಹೆಸರು ಬರೆದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ರೈಲಿಳಿದು ಬರುವವರಿಗೆಲ್ಲ ಸೊಂಟದಿಂದ ಬಾಗುತ್ತಿದ್ದರು. ನಾನು ಎದುರಿನ ಕೊಂಬಿನಿಯಲ್ಲಿ, ಎಂದರೆ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಆ ಪುಟ್ಟ ಅಂಗಡಿಯಲ್ಲಿ, ಕಾಫಿ ಹಿಡಿದು ಹದಿನೈದು ನಿಮಿಷ ಎಣಿಸಿದೆ. ಅವರು ಬಾಗಿದ್ದು ನೂರ ಎಂಬತ್ತೆರಡು ಸಲ. ಯಾರಾದರೂ ಮರಳಿ ಬಾಗಿದ್ದು ಒಂಬತ್ತು ಸಲ. ನಿಂತು ಮಾತಾಡಿಸಿದವರು ಒಬ್ಬರು, ಅವರೂ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿ ಹೋದರು. ನಮ್ಮಲ್ಲಿ ಗೆದ್ದ ಮೇಲೆ ಜನ ಅವರಿಗೆ ಬಾಗಬೇಕು. ಇಲ್ಲಿ ಗೆಲ್ಲುವ ಮೊದಲೇ ಅವರು ಬಾಗಿ ಮುಗಿಸುತ್ತಾರೆ. ಎರಡರಲ್ಲೂ ಲಾಭ ಬೆನ್ನುಮೂಳೆಯ ಡಾಕ್ಟರಿಗೆ.

ಶನಿವಾರ, ಬಾಗಿಲಲ್ಲಿ ಓನೋ-ಸಾನ್

ಬೆಳಿಗ್ಗೆ ಪಕ್ಕದ ಮನೆಯ ಓನೋ-ಸಾನ್, ಎಂದರೆ ನಮ್ಮ ಲೆಕ್ಕದಲ್ಲಿ ಓನೋ ಅವರು, ಬಂದರು. ಎಪ್ಪತ್ತು ದಾಟಿದ, ಕಡ್ಡಿಯಂತೆ ನೆಟ್ಟಗಿರುವ ಮನುಷ್ಯ. ಕಾವಾಸಾಕಿ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಜೀವಮಾನವೆಲ್ಲ ಡಬ್ಬಿಗಳ ಗುಣಮಟ್ಟ ತಪಾಸಣೆ ಮಾಡಿ ನಿವೃತ್ತರಾದವರು. ಈಗ ಬೀದಿಯ ನಿವಾಸಿಗಳ ಸಂಘ ನಡೆಸುತ್ತಾರೆ. ಮನೆಯಿಂದ ಮನೆಗೆ ದಾಟಿಸಬೇಕಾದ ಸಂಘದ ಸುತ್ತೋಲೆಯ ಫೈಲು ಕೊಟ್ಟು ಹೋಗಲು ಬಂದಿದ್ದರು. ಫೈಲು ಕೊಡಲು ಹಿಡಿದದ್ದು ಹನ್ನೊಂದು ನಿಮಿಷ. ಅಷ್ಟರಲ್ಲಿ ಅಕ್ಕನ ಜಪಾನಿ ಭಾಷೆಯನ್ನು ನಾಲ್ಕು ಸಲ ಹೊಗಳಿದರು.

"ಹದಿನಾಲ್ಕು ವರ್ಷದಿಂದ ಹೊಗಳ್ತಾ ಇದಾರೆ," ಎಂದಳು ಅಕ್ಕ, ಬಾಗಿಲು ಹಾಕಿ. "ಬಂದ ಹೊಸದ್ರಲ್ಲಿ 'ಗುಡ್ ಮಾರ್ನಿಂಗ್' ಅನ್ನೋಕೂ ತಡವರಿಸ್ತಿದ್ದೆ. ಆಗಲೂ ಇದೇ ಹೊಗಳಿಕೆ. ಈಗ ಟೆಲಿಫೋನಲ್ಲಿ ಲಾಯರ್ ಜತೆ ಜಗಳ ಆಡ್ತೀನಿ. ಈಗಲೂ ಅದೇ. ನಮ್ಮನೆಗೆ ಬಂದ ಫಾರಿನ್ ಅತಿಥಿ ಇಡ್ಲಿನ ಕೈಯಲ್ಲಿ ತಿಂದ್ರೆ ನಾವು ಹೊಗಳಲ್ವಾ, ಹಾಗೆ."

"ಒಳ್ಳೇದಾಯ್ತಲ್ಲ. ಬೈಯೋದಕ್ಕಿಂತ ವಾಸಿ."

"ಅತಿಥೀನ ಯಾರೂ ಬೈಯಲ್ಲ. ಅದೇ ಪ್ರಾಬ್ಲಮ್ಮು."

ಓನೋ-ಸಾನ್ ನಾಳೆಯ ಮತದಾನದ ಬಗ್ಗೆಯೂ ಹೇಳಿ ಹೋಗಿದ್ದರು: ಶಾಲಿನಿ-ಸಾನ್‌ಗೆ ಮೊದಲ ಸಲ, ಅವಸರ ಬೇಡ, ಮಧ್ಯಾಹ್ನದ ಮೇಲೆ ಜನ ಕಡಿಮೆ ಇರುತ್ತಾರೆ, ಆರಾಮವಾಗಿ ಬನ್ನಿ, ಬರೆಯಲು ಕಷ್ಟವಾದರೆ ಸಿಬ್ಬಂದಿ ಸಹಾಯ ಮಾಡುತ್ತಾರೆ. ಅಕ್ಕ ಹನ್ನೊಂದು ನಿಮಿಷವೂ ನಗುತ್ತಲೇ ಇದ್ದಳು. ಬಾಗಿಲು ಹಾಕಿದ ಮೇಲೆ ಸೊಪ್ಪು ಹೆಚ್ಚಲು ಕೂತಳು. ಚಾಕುವಿನ ಸದ್ದಿನಲ್ಲಿ ನಗುವಿರಲಿಲ್ಲ.

"ಆರಾಮವಾಗಿ ಬನ್ನಿ ಅಂತೆ! ಯಾಕೆ ಗೊತ್ತಾ? ಮೊದಲನೇ ಜಾಗ ಅವರದು."

ಆಮೇಲೆ ವಿಷಯ ತಿಳಿಯಿತು. ಇಲ್ಲಿ ಮತಗಟ್ಟೆ ಏಳು ಗಂಟೆಗೆ ತೆರೆಯುತ್ತದೆ. ಮೊದಲ ಮತ ಬೀಳುವ ಮುನ್ನ ಅಧಿಕಾರಿ ಪೆಟ್ಟಿಗೆಯ ಬಾಗಿಲು ತೆಗೆದು, ಸಾಲಿನ ಮೊದಲಿನವರಿಗೆ ಒಳಗೆ ತೋರಿಸುತ್ತಾನೆ. ಖಾಲಿ ಇದೆಯೆಂದು ಅವರು ಒಪ್ಪಿದ ಮೇಲೆಯೇ ಬೀಗ. ನಮ್ಮಲ್ಲಿ ಈ ಕೆಲಸ ಪಕ್ಷದ ಏಜೆಂಟರದು. ಇಲ್ಲಿ ಸಾಮಾನ್ಯ ಮತದಾರನದು. ಅದನ್ನು ನೋಡಲೆಂದೇ ಬೆಳಿಗ್ಗೆ ಎದ್ದು ಬಂದು ಕಾಯುವವರಿದ್ದಾರೆ. ಈ ಬಡಾವಣೆಯ ಶಾಲೆಯಲ್ಲಿ ಆ ಗೌರವ ಬಹಳ ಚುನಾವಣೆಗಳಿಂದ ಓನೋ-ಸಾನ್ ಅವರದಂತೆ. ಅವರೂ ಒಂದು ನೋಟುಪುಸ್ತಕ ಇಟ್ಟಿದ್ದಾರಂತೆ: ಯಾವ ಚುನಾವಣೆ, ಎಷ್ಟು ಗಂಟೆಗೆ ಬಂದೆ, ಪೆಟ್ಟಿಗೆ ಹೇಗಿತ್ತು. ಪೆಟ್ಟಿಗೆ ಪ್ರತಿಸಲವೂ ಖಾಲಿಯಿತ್ತು. ನನಗೆ ಆ ಮನುಷ್ಯನ ಮೇಲೆ ಗೌರವವೂ ಸ್ವಲ್ಪ ಅಸೂಯೆಯೂ ಹುಟ್ಟಿತು.

"ನಾಳೆ ನಾನು ನೋಡ್ಬೇಕು ಪುಟ್ಟೀ," ಎಂದಳು ಅಕ್ಕ. "ಲ್ಯಾಬಲ್ಲಿ ಯಾವ ಎಕ್ಸ್‌ಪೆರಿಮೆಂಟ್ ಶುರು ಮಾಡಿದ್ರೂ ಮೊದ್ಲು ಜೀರೋ ರೀಡಿಂಗ್ ನೋಡ್ತೀನಿ. ಇದು ನನ್ನ ಮೊದಲನೇ ವೋಟು. ಇಲ್ಲಿ ಅಂತಲ್ಲ. ಲೈಫಲ್ಲೇ."

ನನಗೂ ಆಗಲೇ ನೆನಪಾಗಿದ್ದು. ಮೈಸೂರಿನಲ್ಲಿ ಅಕ್ಕ ಎರಡು ಸಲ ಮತಗಟ್ಟೆಗೆ ಹೋಗಿದ್ದಳು. ಮೊದಲ ಸಲ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ತೀರಿಕೊಂಡು ಆರು ವರ್ಷವಾಗಿದ್ದ ನಮ್ಮ ಅಜ್ಜಿಯ ಹೆಸರು ಫೋಟೋ ಸಮೇತ ಇತ್ತು. ಎರಡನೇ ಸಲ ಹೆಸರಿತ್ತು, ಆದರೆ ಅದರ ಮುಂದೆ ಯಾರೋ ಆಗಲೇ ಸಹಿ ಮಾಡಿದ್ದರು. "ನಿಮ್ದು ಆಗಿದೆಯಲ್ಲ ಮೇಡಂ," ಎಂದು ಅಲ್ಲಿದ್ದವರು ಅಕ್ಕನನ್ನೇ ಅನುಮಾನದಿಂದ ನೋಡಿದರಂತೆ. ಮೂವತ್ತೆಂಟು ವರ್ಷದ ನನ್ನ ಅಕ್ಕ ಈವರೆಗೆ ಪ್ರಜಾಪ್ರಭುತ್ವದಲ್ಲಿ ಒಂದು ಸಲ ಇರಲಿಲ್ಲ, ಇನ್ನೊಂದು ಸಲ ಬೇರೆ ಯಾರೋ ಆಗಿದ್ದಳು.

ಭಾನುವಾರ ಬೆಳಿಗ್ಗೆ, ಶಾಲೆಯ ಗೇಟು

ಐದೂಕಾಲಿಗೆ ಎದ್ದೆವು. ಅಕ್ಕ ಸೀರೆ ಉಡುತ್ತೇನೆಂದಳು. ಐದೂವರೆಗೆ ನೆರಿಗೆ ಮೂರನೇ ಸಲ ಬಿಚ್ಚಿ ಹಿಡಿಯುತ್ತಿದ್ದಳು. ಓನೋ-ಸಾನ್ ಮನೆಯಲ್ಲಿ ಆಗಲೇ ದೀಪ ಹತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ನಾನು ಹೋಗಿ ಜಾಗ ಹಿಡಿದು ಬರ್ತೀನಿ," ಎಂದೆ.

ಜಾಗ ಹಿಡಿಯುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಸಬರ್ಬನ್ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿದ್ದೇನೆ. ಗ್ಯಾಸ್ ಸಿಲಿಂಡರಿನ ಸಾಲಿನಲ್ಲಿ ನನ್ನ ಚಪ್ಪಲಿಗಳು ನನಗಿಂತ ಹೆಚ್ಚು ಹೊತ್ತು ನಿಂತಿವೆ. ನಮ್ಮ ಮಂತ್ರಿಗಳೂ ಮುಖ್ಯಮಂತ್ರಿ ಕುರ್ಚಿಗೆ ಮಾಡುವುದು ಇದನ್ನೇ, ಪತ್ರಿಕೆಯವರೂ 'ಟವೆಲ್ ಹಾಕಿದರು' ಎಂದೇ ಬರೆಯುತ್ತಾರೆ. ವಸ್ತು ಇದ್ದರೆ ಮನುಷ್ಯ ಇದ್ದ ಹಾಗೆ: ಇದು ನಮ್ಮ ಅಲಿಖಿತ ಸಂವಿಧಾನ.

ಬಾಗಿಲ ಬಳಿ ತೂಗುಹಾಕಿದ್ದ ತಾಂಬೂಲದ ಚೀಲವೊಂದನ್ನು ಎಳೆದುಕೊಂಡೆ. ಯಾವುದೋ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟಿದ್ದ, ವಧೂವರರ ಹೆಸರು ಅಚ್ಚಾದ ಹಳದಿ ಚೀಲ. ಹಾರಿಹೋಗದಿರಲಿ ಎಂದು ನೀರಿನ ಬಾಟಲಿ ಇಟ್ಟೆ. ಐದು ನಲವತ್ತೆಂಟಕ್ಕೆ ಶಾಲೆಯ ಗೇಟಿನಲ್ಲಿ ಯಾರೂ ಇರಲಿಲ್ಲ. ಚೀಲವನ್ನು ಗೇಟಿಗೆ ಒತ್ತಿ, ಹೆಸರುಗಳು ಕಾಣುವಂತೆ ಇಟ್ಟೆ. ಮತಗಟ್ಟೆಯ ಮುಂದೆ ಜೋಡಿ ಸಮೇತ ಮೊದಲ ಜಾಗ. ವಿಜಯಿಯಂತೆ ಮನೆಗೆ ಬಂದೆ.

ಆರೂಕಾಲಿಗೆ ಅಕ್ಕನನ್ನು ಕರೆದುಕೊಂಡು ಹಿಂತಿರುಗಿದಾಗ ಚೀಲ ಇರಲಿಲ್ಲ. ಗೇಟಿನ ಮುಂದೆ ಓಟದ ಬಟ್ಟೆ ತೊಟ್ಟ, ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಫೋನು ನೋಡುತ್ತ ನಿಂತಿದ್ದಳು. ಓನೋ-ಸಾನ್ ಕೂಡ ಕಾಣಲಿಲ್ಲ. ಅಕ್ಕ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ವಿಚಾರಿಸಿದಳು. ಉತ್ತರ ಕೇಳಿ ನನ್ನ ಕಡೆ ತಿರುಗಿದಳು.

"ಒಬ್ಬರು ತಾತ ಇಲ್ಲಿ ಒಂದು ಚೀಲ ಬಿದ್ದಿರೋದು ನೋಡಿದ್ರಂತೆ. ಪಾಪ ಯಾರೋ ಕಳ್ಕೊಂಡಿದಾರೆ ಅಂತ ಪೊಲೀಸರಿಗೆ ಕೊಡೋಕೆ ಹೋದ್ರಂತೆ."

"ಬಿದ್ದಿರ್ಲಿಲ್ಲ! ಇಟ್ಟಿದ್ದೆ!"

"ಇಲ್ಲಿ ಇಟ್ಟಿರೋದು ಅಂತ ಇರಲ್ಲ ಕಣೇ. ಮನುಷ್ಯ ಪಕ್ಕದಲ್ಲಿಲ್ಲ ಅಂದ್ರೆ ಅದು ಬಿದ್ದಿರೋದೇ." ಅಕ್ಕ ನನ್ನ ಬರಿಗೈ ನೋಡಿದಳು. "ಯಾವ ಚೀಲ?"

"ಬಾಗಿಲ ಹತ್ರ ಇತ್ತಲ್ಲ, ಹಳದಿದು."

"ಅಯ್ಯೋ ನಿನ್ನ! ನನ್ನ ವೋಟಿಂಗ್ ಕಾರ್ಡ್ ಅದರಲ್ಲೇ ಇತ್ತು. ಮರೀಬಾರದು ಅಂತ ರಾತ್ರಿನೇ ಹಾಕಿದ್ದೆ!"

ಅಕ್ಕನನ್ನು ಎರಡನೇ ಜಾಗದಲ್ಲಿ ನಿಲ್ಲಿಸಿ ನಾನು ಪೊಲೀಸ್ ಚೌಕಿಗೆ ಓಡಿದೆ. ಏಳು ನಿಮಿಷದ ದಾರಿ, ನಾಲ್ಕರಲ್ಲಿ ತಲುಪಿದೆ. ಸ್ಟೇಷನ್ ಪಕ್ಕದ ಪುಟ್ಟ ಕೋಣೆ. ಒಳಗೆ ಓನೋ-ಸಾನ್ ಬೆನ್ನು ನೆಟ್ಟಗೆ ಮಾಡಿ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಎದುರಿಗೆ ಎಳೆಯ ವಯಸ್ಸಿನ ಪೊಲೀಸಿನವನೊಬ್ಬ ಫಾರಂ ತುಂಬುತ್ತಿದ್ದ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ನನ್ನ ಚೀಲ, ನನ್ನ ಬಾಟಲಿ, ಅಕ್ಕನ ಕಾರ್ಡನ್ನು ಸಾಲಾಗಿ ಇಟ್ಟಿದ್ದರು, ಕೊಲೆ ಪ್ರಕರಣದ ಸಾಕ್ಷ್ಯದ ಹಾಗೆ. ಪೊಲೀಸಿನವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೀರು ಎಷ್ಟಿದೆ ಎಂದು ನೋಡಿ ಬರೆದುಕೊಂಡ.

ಫೋನಿನ ಅನುವಾದಕಕ್ಕೆ ನಾನು ಏದುಸಿರು ಬಿಡುತ್ತ ಹೇಳಿದೆ: "ಈ ಚೀಲ ನನ್ನದು."

ಅವನು ಕಾರ್ಡು ತೋರಿಸಿ ಏನೋ ಕೇಳಿದ. ಫೋನು ಹೇಳಿತು: "ನೀವು ಗೌರವಾನ್ವಿತ ಶಾಲಿನಿಯೇ?"

"ಅಲ್ಲ. ಅವಳ ತಂಗಿ."

"ಗೌರವಾನ್ವಿತ ಶಾಲಿನಿಯನ್ನು ತನ್ನಿ."

ಕಾರ್ಡಿನ ಮೇಲಿನ ಹೆಸರನ್ನು ಓನೋ-ಸಾನ್ ಮೊದಲೇ ಓದಿದ್ದಿರಬೇಕು. ಪಕ್ಕದ ಮನೆಯವಳು ಎಂದು ಅವರಿಗೆ ಗೊತ್ತು. ಕೊಂಡೊಯ್ದು ಕೊಡಬಹುದಿತ್ತು. ಆದರೆ ಸಿಕ್ಕ ವಸ್ತುವಿನ ಫಾರಂ ಶುರುವಾದ ಮೇಲೆ ತಂದುಕೊಟ್ಟವರು ಅದು ಮುಗಿಯುವವರೆಗೂ ಕೂರಬೇಕು. ಅವರು ಕೈಗಡಿಯಾರ ನೋಡಿಕೊಂಡರು. ನಾನಿದ್ದ ಹೊತ್ತಿನಲ್ಲಿ ಒಟ್ಟು ಹದಿಮೂರು ಸಲ ನೋಡಿಕೊಂಡರು. ಒಂದು ಸಲವೂ ಏಳಲಿಲ್ಲ. ಯಾರಿಗಾಗಿ ಊರೆಲ್ಲ ಮೊದಲ ಜಾಗ ಬಿಟ್ಟಿತ್ತೋ ಅವರು ಅಪರಿಚಿತರ ಮದುವೆಯ ಚೀಲಕ್ಕಾಗಿ ಅದನ್ನು ಬಿಟ್ಟು ಬಂದು ಇಲ್ಲಿ ಕೂತಿದ್ದರು.

ಅಕ್ಕನಿಗೆ ಫೋನು ಮಾಡಿದೆ. ಅವಳು ಎರಡನೇ ಜಾಗ ಬಿಟ್ಟು, ಸೀರೆಯ ಕೆಳಗೆ ಓಟದ ಶೂ ಹಾಕಿಕೊಂಡು ಆರು ನಲವತ್ತೊಂದಕ್ಕೆ ಬಂದಳು. ಗುರುತಿನ ಚೀಟಿ ತೋರಿಸಿದಳು, ಮೂರು ಕಡೆ ಸಹಿ ಮಾಡಿದಳು. ಚೀಲ ಕೈಗೆ ಕೊಡುವಾಗ ಪೊಲೀಸಿನವನು ವಿನಯದಿಂದ ಏನೋ ಹೇಳಿದ. ಅಕ್ಕನ ಮುಖ ಕೆಂಪಾಯಿತು.

"ಏನಂತೆ?"

"ವೋಟ್ ಹಾಕೋಕೆ ಕಾರ್ಡೇ ಬೇಕಾಗಿಲ್ವಂತೆ. ಪಟ್ಟೀಲಿ ಹೆಸರಿದ್ರೆ ಸಾಕಂತೆ."

"ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಓದಿದ್ದೆ." ಅಕ್ಕ ಚೀಲವನ್ನು ಎದೆಗೆ ಒತ್ತಿಕೊಂಡಳು. "ಪಟ್ಟೀಲಿ ಹೆಸರಿದ್ರೆ ಸಾಕು ಅನ್ನೋದನ್ನ ನಂಬೋಷ್ಟು ಜಪಾನಿ ನಾನಿನ್ನೂ ಆಗಿಲ್ಲ ಕಣೇ."

ಮೂವರೂ ಶಾಲೆಯ ಕಡೆ ಬಿರುಸಾಗಿ ನಡೆದೆವು. ಗೇಟಿನ ಮುಂದೆ ಆಗ ಐದು ಜನರಿದ್ದರು. ಓಟದ ಹೆಂಗಸಿಗೆ ವಿಷಯ ಹೇಳಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನು" ಎಂದು ಅಕ್ಕನಿಗೆ ಪಿಸುಗುಟ್ಟಿದೆ. ಅಕ್ಕ ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ. ಸಾಲಿನ ಕೊನೆಗೆ ಬಂದಾಗ ಅಕ್ಕ ಓನೋ-ಸಾನ್‌ಗೆ "ನೀವು ಮೊದಲು" ಎಂದು ಕೈ ತೋರಿದಳು. ಅವರು "ಇಲ್ಲ, ನೀವು" ಎಂದರು. ಅಕ್ಕ ಬಾಗಿದಳು. ಅವರು ಇನ್ನೂ ಕೆಳಗೆ ಬಾಗಿದರು. ಈ ಶಿಷ್ಟಾಚಾರ ನಡೆಯುವಾಗ ಇಬ್ಬರು ಗಂಡಸರು ಬಂದು ಅವರ ಮುಂದೆ ನಿಂತುಕೊಂಡರು. ಕೊನೆಗೆ ಅಕ್ಕ ಎಂಟನೆಯವಳು, ಓನೋ-ಸಾನ್ ಒಂಬತ್ತನೆಯವರು.

ಏಳು ಗಂಟೆಗೆ ಶಾಲೆಯ ವ್ಯಾಯಾಮದ ಹಾಲ್‌ನ ಬಾಗಿಲು ತೆರೆಯಿತು. ಒಂಬತ್ತೂ ಜನ ಒಳಗೆ ಹೋದರು. ಮತವಿಲ್ಲದ ನಾನು ತೆರೆದ ಬಾಗಿಲ ಹೊರಗೆ ನಿಂತೆ. ಒಳಗೆ ಉದ್ದನೆಯ ಮೇಜುಗಳು, ಬರೆಯುವ ಗೂಡುಗಳು, ಪ್ರತಿ ಗೂಡಿನಲ್ಲೂ ಪೆನ್ಸಿಲ್ಲು. ಇಲ್ಲಿ ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು, ಅದೂ ಪೆನ್ಸಿಲಿನಲ್ಲಿ! ನಮ್ಮಲ್ಲಿ ಪೆನ್ಸಿಲ್ ಕೊಟ್ಟಿದ್ದರೆ, ರಬ್ಬರು ಯಾವ ಪಕ್ಷದವರ ಜೇಬಿನಲ್ಲಿದೆ ಎಂಬುದರ ಮೇಲೆ ಒಂದು ಸರಕಾರ ಬಿದ್ದಿರುತ್ತಿತ್ತು.

ಅಧಿಕಾರಿ ಲೋಹದ ಪೆಟ್ಟಿಗೆಯ ಬಾಗಿಲು ತೆಗೆದು ಓಟದ ಹೆಂಗಸಿಗೆ ತೋರಿಸಿದ. ಅವಳು ಫೋನಿನಿಂದ ಕಣ್ಣೆತ್ತಿ, "ಸರಿ, ಸರಿ" ಎಂಬಂತೆ ತಲೆಯಾಡಿಸಿ ಮತ್ತೆ ಫೋನು ನೋಡಿದಳು. ಒಂದು ಸೆಕೆಂಡು ಪೂರ್ತಿ ಆಗಲಿಲ್ಲ. ನಾನು ಸುಮ್ಮನೆ ಹೇಳುತ್ತಿಲ್ಲ, ಗಡಿಯಾರ ನೋಡುತ್ತಿದ್ದೆ. ಒಂಬತ್ತನೆಯ ಜಾಗದಲ್ಲಿ ಓನೋ-ಸಾನ್ ಕತ್ತು ಚಾಚಿದರು, ಬಾಯಿ ತೆರೆದರು, ಮುಚ್ಚಿದರು. ಅಧಿಕಾರಿ ಬೀಗ ಎತ್ತಿಕೊಂಡ.

ಆಗ ಅಕ್ಕ ಕೈಯೆತ್ತಿದಳು. ತರಗತಿಯಲ್ಲಿ ಎತ್ತುವ ಹಾಗೆ, ನೇರವಾಗಿ. ಅವಳು ಹೇಳಿದ್ದನ್ನು ಆಮೇಲೆ ನನಗೆ ತಿಳಿಸಿದಳು: ಪೆಟ್ಟಿಗೆ ಖಾಲಿ ಇರುವುದನ್ನು ಮೊದಲಿನವರಿಗೆ ಮಾತ್ರ ತೋರಿಸಬೇಕೆಂದು ನಿಯಮದಲ್ಲಿಲ್ಲ. ಮತಗಟ್ಟೆಯ ಒಳಗಿರುವ ಮತದಾರರ ಎದುರಿಗೆ ತೋರಿಸಬೇಕೆಂದಿದೆ. ನಾವು ಒಂಬತ್ತು ಜನ ಒಳಗಿದ್ದೇವೆ.

ಹುಟ್ಟಿನಿಂದ ಪೌರರಾದವರು ಆ ನಿಯಮ ಏಕೆ ಓದುತ್ತಾರೆ? ಪರೀಕ್ಷೆ ಬರೆದು ಒಳಗೆ ಬಂದವಳು ಓದಿದ್ದಳು. ಮೂವರು ಅಧಿಕಾರಿಗಳು ಪುಸ್ತಕ ತೆಗೆದು ಅದರ ಮೇಲೆ ಬಗ್ಗಿದರು. ನಾಲ್ಕು ನಿಮಿಷ ಬಗ್ಗಿದ್ದರು. ಆಮೇಲೆ ಅಕ್ಕನ ಕಡೆ ಬಗ್ಗಿದರು. ಪೆಟ್ಟಿಗೆ ಮತ್ತೆ ತೆರೆಯಿತು.

ಒಂಬತ್ತು ಜನರೂ ಒಬ್ಬೊಬ್ಬರಾಗಿ ಬಂದು, ಬಾಗಿ, ಒಳಗೆ ನೋಡಿ, ಪಕ್ಕಕ್ಕೆ ಸರಿದರು. ಧರ್ಮದರ್ಶನದ ಸಾಲಿಗೂ ಇದಕ್ಕೂ ಇದ್ದ ವ್ಯತ್ಯಾಸ ಒಂದೇ, ಇಲ್ಲಿ ದೇವರಿಲ್ಲವೆಂದು ಖಚಿತಪಡಿಸಿಕೊಳ್ಳಬೇಕಿತ್ತು. ಓಟದ ಹೆಂಗಸನ್ನೂ ಮತ್ತೆ ಕರೆದರು. ಈ ಸಲ ಅವಳು ಒಂದು ಕಿವಿಯ ಇಯರ್‌ಫೋನ್ ತೆಗೆದಳು. ಅಕ್ಕ ಸೆರಗು ಹಿಡಿದು ಬಗ್ಗಿ ಇಪ್ಪತ್ತಮೂರು ಸೆಕೆಂಡು ನೋಡಿದಳು. ಓನೋ-ಸಾನ್ ಜೇಬಿನಿಂದ ಪುಟ್ಟ ಟಾರ್ಚು ತೆಗೆದು ನಾಲ್ಕೂ ಮೂಲೆಗೆ ಬೆಳಕು ಬಿಟ್ಟರು. ಆಮೇಲೆ ಸಿಬ್ಬಂದಿಯವಳೊಬ್ಬಳು ಪಟ್ಟಿಯ ಮೇಲೆ ಅಳತೆಪಟ್ಟಿ ಇಟ್ಟು ಅಕ್ಕನ ಹೆಸರು ಹುಡುಕಿದಳು. ಆರು ಸೆಕೆಂಡು ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ಉಸಿರಾಡಿದ್ದು ನನಗೆ ಕಾಣಲಿಲ್ಲ.

ಓನೋ-ಸಾನ್ ಹೊರಗೆ ಬಂದವರು ನಮ್ಮ ಕಡೆ ಚೂರು ತಲೆ ಬಗ್ಗಿಸಿ ಮಾತಿಲ್ಲದೆ ನಡೆದುಬಿಟ್ಟರು. ಅಕ್ಕನ ಜಪಾನಿಯನ್ನು ಹೊಗಳಲೂ ಇಲ್ಲ.

ಭಾನುವಾರ ಸಂಜೆ, ಮತ್ತೆ ಬಾಗಿಲಲ್ಲಿ

ದಿನವಿಡೀ ಅಕ್ಕನಿಗೆ ನೆಮ್ಮದಿ ಇಲ್ಲ.

"ನಿನ್ನೆ ಮೊನ್ನೆ ಪೌರಳಾದವಳು ಎಲ್ಲರ ಮುಂದೆ ಕಾನೂನು ಹೇಳ್ತಾಳೆ ಅಂದ್ಕೊಂಡಿರ್ತಾರೆ. ಅವರ ಜಾಗಾನೂ ಕಳೆದೆ, ಮಾನಾನೂ ಕಳೆದೆ."

"ಜಾಗ ಕಳೆದಿದ್ದು ನಾನು," ಎಂದೆ.

"ನೀನು ಬುಧವಾರ ವಿಮಾನ ಹತ್ತುತ್ತೀಯ. ನಾನು ದಿನಾ ಅವರ ಮುಖ ನೋಡ್ಬೇಕು."

ನಾನು ತಂದಿದ್ದ ಮೈಸೂರುಪಾಕನ್ನು ಡಬ್ಬಿಗೆ ಹಾಕಿ, ಕ್ಷಮೆ ಕೇಳಿ ಬರುತ್ತೇನೆಂದು ಐದು ಸಲ ಬಾಗಿಲವರೆಗೆ ಹೋಗಿ ಹಿಂತಿರುಗಿದಳು.

ಎಂಟು ಗಂಟೆಗೆ ಮತದಾನ ಮುಗಿಯಿತು. ಎಂಟು ಗಂಟೆ, ಶೂನ್ಯ ನಿಮಿಷ, ಒಂದೆರಡು ಸೆಕೆಂಡಿಗೆ ಟಿವಿಯವರು ತಮ್ಮ ಸಮೀಕ್ಷೆ ನಂಬಿ ಈಗಿರುವ ಗವರ್ನರೇ ಗೆದ್ದರೆಂದು ಹೇಳಿದರು. ಎಣಿಕೆಯಾದ ಮತಗಳು: ಸೊನ್ನೆ. ಒಂದನೇ ನಂಬರಿನವರು ಎರಡೂ ಕೈ ಎತ್ತಿ ಮೂರು ಸಲ ಜಯಘೋಷ ಮಾಡಿದರು. ಎಣಿಸುವ ವೃತ್ತಿಯವಳಾದ ನನಗೆ ಇದಕ್ಕಿಂತ ದೊಡ್ಡ ಅವಮಾನ ಈ ಪ್ರವಾಸದಲ್ಲಿ ಆಗಲಿಲ್ಲ.

ಎಂಟೂ ಐದಕ್ಕೆ ಬಾಗಿಲ ಗಂಟೆ ಬಾರಿಸಿತು. ಬಾಗಿಲಲ್ಲಿ ಓನೋ-ಸಾನ್. ಅಕ್ಕ ಡಬ್ಬಿ ಹಿಡಿದೇ ಓಡಿದಳು. ಅವರು ಡಬ್ಬಿಯ ಕಡೆ ನೋಡಲೂ ಇಲ್ಲ. ಮಾತಾಡತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಅಕ್ಕ ಏನೋ ಅನ್ನಲು ಹೋದರೆ ಕೈ ಅಡ್ಡ ಹಿಡಿದರು. ಒಂದೊಂದು ವಿಷಯಕ್ಕೂ ಒಂದೊಂದು ಬೆರಳು ಮಡಚಿದರು. ಎಡಗೈ ಮುಗಿದು ಬಲಗೈಗೆ ಬಂದರು. ನಾನು ಹಿಂದೆ ನಿಂತು ಎಣಿಸಿದೆ: ಏಳು ಬೆರಳು, ಒಂಬತ್ತು ನಿಮಿಷ. ಈ ದೇಶ ಇಷ್ಟು ಜೋರಾಗಿ ಮಾತಾಡಬಲ್ಲದೆಂದು ಧ್ವನಿವರ್ಧಕದ ವ್ಯಾನು ಬಿಟ್ಟರೆ ನನಗೆ ಬೇರೆ ಪುರಾವೆ ಸಿಕ್ಕಿರಲಿಲ್ಲ. ಅಕ್ಕ ಕೊನೆಗೆ ಒಂದೇ ಒಂದು ವಾಕ್ಯ ಹೇಳಿದಳು. ಓನೋ-ಸಾನ್ ಅವಳನ್ನೇ ದುರುಗುಟ್ಟಿ ನೋಡಿ, ಗಂಟಲಲ್ಲಿ "ಹ್ಞೂಂ" ಎಂದು ಸದ್ದು ಮಾಡಿ ಹೊರಟುಹೋದರು.

ಅಕ್ಕ ಬಾಗಿಲು ಹಾಕಿ ಅದಕ್ಕೇ ಒರಗಿ ನಿಂತಳು. ಅಳುತ್ತಾಳೆಂದುಕೊಂಡೆ.

"ಬೈದ್ರು ಕಣೇ!" ಎಂದಳು. ಮುಖ ಅರಳಿತ್ತು. "ಎಷ್ಟು ಚೆನ್ನಾಗಿ ಬೈದ್ರು ಗೊತ್ತಾ? ಸಾಲು ಇರೋದು ಮನುಷ್ಯರಿಗೆ, ಚೀಲಕ್ಕಲ್ಲವಂತೆ. ನಿನ್ನ ಬಾಟ್ಲಿ ಸೋರಿ ಅವರ ಸಹಿ ಅಳಿಸಿ ಎರಡನೇ ಫಾರಂ ಬರೀಬೇಕಾಯ್ತಂತೆ. ನಾನು ಇಷ್ಟು ವರ್ಷದಿಂದ ಕಸಕ್ಕೆ ಹಾಕೋ ಬಾಟ್ಲಿಗಳ ಮುಚ್ಚಳ ತೆಗೆಯದೇ ಹಾಕ್ತೀನಂತೆ, ಅವರೇ ಬಂದು ತೆಗೀತಾರಂತೆ. ಭಾನುವಾರ ನಮ್ಮ ಕುಕ್ಕರ್ ಸೀಟಿ ಅವರ ಹೆಂಡತೀನ ಎಬ್ಬಿಸುತ್ತಂತೆ. ಸುತ್ತೋಲೆ ಫೈಲು ಮೂರು ದಿನ ಇಟ್ಕೋತೀನಂತೆ. ನಿನ್ನ ಭಾವನ ಸೈಕಲ್ಲು..."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ತಾರೆ? ಅತಿಥಿ!"

"ಈ ಹೊತ್ತಲ್ಲಿ ಬಂದು ಬೈಬೇಕಿತ್ತಾ?"

"ವೋಟಿಂಗ್ ಮುಗಿಯೋವರೆಗೂ ಮತದಾರರು ಮತದಾರರ ಜತೆ ಜಗಳ ಆಡಬಾರದು ಅಂತ ಕಾದ್ರಂತೆ. ಮತದಾರರು ಅಂದ್ರು ಕಣೇ. ಅವರೂ, ನಾನೂ." ಅಕ್ಕ ಡಬ್ಬಿ ತೆಗೆದು ಒಂದು ಮೈಸೂರುಪಾಕು ಬಾಯಿಗೆ ಹಾಕಿಕೊಂಡಳು. "ಏಳನೇದು ಕೇಳು. ಪೆಟ್ಟಿಗೆ ನೋಡೋ ಆಸೆ ಇದ್ರೆ ಸರಿಯಾಗಿ ಎದ್ದು ಬರಬೇಕಂತೆ, ಎಲ್ಲರನ್ನೂ ಕರೆದು ತೋರಿಸಿ ಸಂತೆ ಮಾಡಬಾರದಂತೆ. ಮುಂದಿನ ಸಲ ಅವರು ಐದು ಗಂಟೆಗೇ ಗೇಟಿಗೆ ಬಂದು ನಿಂತಿರ್ತಾರಂತೆ, ಅದು ಹೆಂಗೆ ಮೊದಲನೇ ಜಾಗ ತಗೋತೀನೋ ನೋಡ್ತಾರಂತೆ."

"ಅದಕ್ಕೆ ನೀನೇನಂದೆ?"

"ನಾಲ್ಕೂವರೆ ಅಂದೆ."